ಅಮ್ಮನ ಹೆಸರಿನ ಫೋನು

"ಫೋನೇ ಕೆಟ್ಟಿದೆ ಮೇಡಂ," ಎಂದ ಕನ್ನಡಕ.

ಪರೀಕ್ಷೆ ಶುರುವಾದಾಗಿನಿಂದಲೂ ಅವನದು ಇದೇ ಮಾತು. ಮೇಜಿನ ಮೇಲೆ ಮೂರು ಫೋನುಗಳು ಸಾಲಾಗಿ ಮಲಗಿದ್ದವು. ಮೂರರಲ್ಲೂ ಒಂದೇ ಶಾಪಿಂಗ್ ಆ್ಯಪ್. ಮೂರರಲ್ಲೂ ಹುಡುಕಿದ್ದು ಮಡಚುವ ಏಣಿಯನ್ನು.

ಎರಡರಲ್ಲಿ, ದೂರು ಕೊಟ್ಟ ಏಣಿಯವನ ಏಣಿ ಮೊದಲ ಸಾಲಿನಲ್ಲೇ ಮದುಮಗನಂತೆ ನಿಂತಿತ್ತು. ಮೂರನೆಯದರಲ್ಲಿ ಬೆರಳು ನೋಯುವ ತನಕ ಕೆಳಗೆ ಸರಿಸಿದರೂ ಅದರ ಸುಳಿವಿಲ್ಲ. ಅಲ್ಲಿ ಮೇಲೆ ಕುಳಿತಿದ್ದದ್ದು ಆ್ಯಪ್ ಕಂಪನಿಯದೇ ಏಣಿ. ಅದೇ ಬಾಗು, ಅದೇ ಹಸಿರು ರಬ್ಬರಿನ ಪಾದ. ಹೆಸರು ಮಾತ್ರ ಬೇರೆ.

ಕನ್ನಡಕ ಎಂಬುದು ವ್ಯಾಪಾರದ ಅನ್ಯಾಯಗಳನ್ನು ವಿಚಾರಿಸುವ ಪೈಪೋಟಿ ಆಯೋಗದ ಕಂಪ್ಯೂಟರ್ ಪರೀಕ್ಷಕನಿಗೆ ಸಹೋದ್ಯೋಗಿಗಳು ಇಟ್ಟ ಹೆಸರು. ಅವನು ಮೇಡಂ ಎಂದು ಕರೆದ ತನಿಖಾಧಿಕಾರಿಗೂ ಒಂದು ಹೆಸರಿತ್ತು, ಜಿಗಣೆ. ಅಂಟಿಕೊಂಡರೆ ಬಿಡುವವಳಲ್ಲ ಎಂದು ಬೆನ್ನ ಹಿಂದೆ ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. ಒಮ್ಮೆ ತುಂಬಿದ ಸಭೆಯಲ್ಲೇ, ಜಿಗಣೆ ಕುಡಿಯೋದು ಕೆಟ್ಟ ರಕ್ತ ಮಾತ್ರ, ಆರೋಗ್ಯವಾಗಿರೋರು ಯಾಕೆ ಹೆದರಬೇಕು ಎಂದು ಕೇಳಿದ್ದಳು. ಅಂದಿನಿಂದ ಆ ಹೆಸರಿಗೆ ಒಂದು ಗೌರವವೇ ಬಂದುಬಿಟ್ಟಿತ್ತು.

ಮೊಕದ್ದಮೆ ಸುಲಭದ್ದೇ, ಹಿಡಿಯುವುದು ಕಷ್ಟ. ಮಾರುಕಟ್ಟೆಯ ಯಜಮಾನ ತಾನೇ ಬಾಗಿಲ ಬಳಿ ಅಂಗಡಿ ಹಾಕಿಕೊಂಡು, ಉಳಿದವರ ಗಲ್ಲಾ ಇಣುಕಿ ನೋಡಿ, ಯಾರ ಮಾಲು ಚೆನ್ನಾಗಿ ಹೋಗುತ್ತದೋ ಅಂಥದ್ದನ್ನೇ ತಾನೂ ಮಾಡಿಸಿ, ಅವರನ್ನು ಕಕ್ಕಸಿನ ಹಿಂದಕ್ಕೆ ತಳ್ಳಿದರೆ ಹೇಗಿರುತ್ತದೆ? ಕಂಪನಿ ತನಗೆ ಹಾಗೇ ಮಾಡಿದೆ ಎಂಬುದು ಏಣಿಯವನ ದೂರು. ಇಲ್ಲ, ಅವನ ಏಣಿ ಮೇಲೆಯೇ ಇದೆ, ಬೇಕಿದ್ದರೆ ಹುಡುಕಿ ನೋಡಿ ಎಂಬುದು ಕಂಪನಿಯ ಉತ್ತರ. ಆಯೋಗದ ಪರೀಕ್ಷೆಯೂ ಕಂಪನಿಯ ಮಾತನ್ನೇ ಎತ್ತಿಹಿಡಿದಿತ್ತು. ಎರಡು ಫೋನು ಹೇಳಿದ್ದು ವರದಿಗೆ ಸೇರಿತ್ತು. ಮೂರನೆಯದನ್ನು ದೋಷವಿದೆ ಎಂದು ಪಕ್ಕಕ್ಕಿಟ್ಟಿದ್ದರು.

ನಾಳೆ ಬೆಳಗ್ಗೆ ವಿಚಾರಣೆ. ಏಣಿಯವನು ಸುಳ್ಳುಗಾರ ಎಂದು ಆಯೋಗದ ಬಾಯಲ್ಲೇ ಹೇಳಿಸಿ, ದೂರನ್ನು ಕಸದ ಬುಟ್ಟಿಗೆ ಹಾಕಿಸಲು ಕಂಪನಿಯ ವಕೀಲರು ತುದಿಗಾಲಲ್ಲಿ ನಿಂತಿದ್ದರು.

ಜಿಗಣೆ ಎದ್ದು ಕಾರಿಡಾರಿಗೆ ಹೋದಳು.

ಮೊದಲು ಸಿಕ್ಕವಳು ನೆಲ ಒರೆಸುವ ಹೆಂಗಸು. ನಿನ್ನ ಫೋನಲ್ಲಿ ಒಂದು ಏಣಿ ಹುಡುಕಿಕೊಡು ತಾಯಿ ಎಂದಾಗ ಅವಳು, ಅಟ್ಟ ಹತ್ತೋದಕ್ಕಾ ಮೇಡಂ, ನನ್ನನ್ನು ಮಾತ್ರ ಹತ್ತಿಸಬೇಡಿ ಎನ್ನುತ್ತಲೇ ಕೈ ಒರೆಸಿಕೊಂಡು ಹುಡುಕಿದಳು. ಕಂಪನಿಯ ಏಣಿ ಮೇಲೆ, ಏಣಿಯವನದು ನಾಪತ್ತೆ. ಆಮೇಲೆ ಲಿಫ್ಟ್ ರಿಪೇರಿಗೆ ಬಂದಿದ್ದವನ ಫೋನು. ಆಮೇಲೆ ಬೇರೊಂದು ದೂರು ಹಿಡಿದು ಬೆಂಚಿನ ಮೇಲೆ ಕಾಯುತ್ತಿದ್ದ ಔಷಧಿ ಅಂಗಡಿಯವರದು. ಎಲ್ಲದರಲ್ಲೂ ಅದೇ.

ಅವಳು ಕೋಣೆಗೆ ಮರಳಿ ಬಾಗಿಲು ಹಾಕಿಕೊಂಡಳು.

"ಕೆಟ್ಟಿರೋದು ಮೂರನೆಯದಲ್ಲ ಕಣಯ್ಯ. ಮೊದಲ ಎರಡು."

ಕನ್ನಡಕ ಕನ್ನಡಕ ತೆಗೆದ. ಅವನಿಗೆ ಏನಾದರೂ ಅರ್ಥವಾದಾಗ ಮಾಡುವ ಕೆಲಸ ಅದು.

ಸಿಮ್‌ಗಳನ್ನು ಅದಲು ಬದಲು ಮಾಡಲು ಹೇಳಿದಳು. ಮೊದಲ ಫೋನಿನ ನಂಬರನ್ನು ಮೂರನೆಯದಕ್ಕೆ ಹಾಕಿ, ಆ ನಂಬರಿನ ಖಾತೆ ತೆರೆದಾಗ, ಕೆಟ್ಟದ್ದೆಂದು ಹಣೆಪಟ್ಟಿ ಹೊತ್ತಿದ್ದ ಫೋನಿನಲ್ಲಿ ಏಣಿಯವನ ಏಣಿ ಟಣ್ಣನೆ ಮೇಲೆ ಬಂತು. ಫೋನಿನಲ್ಲಿ ಏನೂ ದೋಷವಿರಲಿಲ್ಲ. ಇದ್ದದ್ದೆಲ್ಲ ನಂಬರಿನಲ್ಲಿ. ಈ ಎರಡು ನಂಬರು ತನಿಖೆಯವರದು ಎಂದು ಕಂಪನಿಗೆ ಗೊತ್ತಿತ್ತು. ಅವರು ಬಂದಾಗ ಮಾತ್ರ ಅಂಗಡಿಯನ್ನು ಒಪ್ಪ ಓರಣ ಮಾಡಿ ತೋರಿಸಿ, ಅವರು ಬೆನ್ನು ತಿರುಗಿಸಿದೊಡನೆ ಊರಿಗೆಲ್ಲ ಬೇರೆ ಅಂಗಡಿ ತೋರಿಸುತ್ತಿತ್ತು.

"ಹಾಗಾದ್ರೆ ಯಾರೋ ನಂಬರ್ ಕೊಟ್ಟಿದ್ದಾರೆ," ಎಂದ ಕನ್ನಡಕ. ಹೇಳಿದ ಮೇಲೆ ಅವನ ಮುಖ ಸಣ್ಣಗಾಯಿತು. ಫೋನಿಟ್ಟ ಬೀರುವಿನ ಕೀಲಿ ಇದ್ದದ್ದು ಅವನ ಬಳಿ, ಸ್ಟೋರಿನವನ ಬಳಿ, ನಿರ್ದೇಶಕರ ಬಳಿ. ಮೂರು ನಂಬರುಗಳನ್ನೂ ಬೀರುವಿನ ಬಾಗಿಲ ಒಳಮೈಗೆ ಅವನೇ ಅಂಟಿಸಿದ್ದ.

ಸ್ಟೋರಿನವನು ಪೆನ್ನಿನ ಕ್ಯಾಪು ಕಳೆದರೂ ಸಹಿ ಕೇಳುವ ಮನುಷ್ಯ. ನಿರ್ದೇಶಕರು ಮೊನ್ನೆಯಷ್ಟೇ, ಈ ಮೊಕದ್ದಮೆ ಬೇಗ ಮುಗಿಸಮ್ಮ, ಮೇಲಿನಿಂದ ಫೋನ್ ಬರ್ತಾ ಇದೆ ಎಂದಿದ್ದರು. ಕನ್ನಡಕನಂತೂ ಮೂರನೆಯ ಫೋನನ್ನು ಕೆಟ್ಟದ್ದೆಂದು ಸಾಧಿಸುತ್ತ ಬಂದವನು. ಶಂಕೆ ಪಡಲು ಮೂವರೂ ಲಾಯಕ್ಕಾಗಿದ್ದರು.

ಆದರೆ ಜಿಗಣೆಯ ತಲೆ ಬೇರೊಂದು ಕಡೆ ಅಂಟಿಕೊಂಡಿತ್ತು.

ಮೂರೂ ನಂಬರು ಒಂದೇ ಕಡೆ, ಒಂದರ ಕೆಳಗೊಂದು. ಬೀರು ತೆರೆದವನು ಮೂರನ್ನೂ ಕದಿಯುತ್ತಾನೆ. ಎರಡನ್ನು ಕೊಟ್ಟು ಮೂರನೆಯದನ್ನು ಉಳಿಸಿದರೆ ಕಂಪನಿಗೆ ಅಪಾಯ, ಕೊಟ್ಟವನಿಗೂ ಅಪಾಯ. ಎಂಥ ದಡ್ಡನೂ ಹಾಗೆ ಮಾಡುವುದಿಲ್ಲ. ಹಾಗೆ ಮಾಡಿದ್ದಾನೆಂದರೆ ಅದು ದಡ್ಡತನವಲ್ಲ. ಮೂರನೆಯದನ್ನು ಕೊಡಲು ಅವನಿಗೆ ಮನಸ್ಸು ಬಂದಿಲ್ಲ.

ಮೂರೂ ಒಂದೇ ಅಂಗಡಿಯವು, ಒಂದೇ ದಿನ ತಂದವು, ಮಾಡೆಲ್ಲೂ ಒಂದೇ. ವ್ಯತ್ಯಾಸವೇ ಇಲ್ಲವಲ್ಲ ಎಂದ ಕನ್ನಡಕ.

ಒಂದು ವ್ಯತ್ಯಾಸ ಇತ್ತು. ಅದು ಗೊತ್ತಿದ್ದದ್ದು ಈ ಕಟ್ಟಡದಲ್ಲಿ ಜಿಗಣೆಗೆ ಮಾತ್ರ. ನಂಬರು ಪತ್ತೆಯಾದ ವಿಷಯ ಯಾರಿಗೂ ಹೇಳಬೇಡ ಎಂದು ಅವನಿಗೆ ತಾಕೀತು ಮಾಡಿ, ಫೋನುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು.

ದಾರಿಯಲ್ಲಿ ಏಣಿಯವನ ಕರೆ ಬಂತು. ಅವನ ಪೈಪ್ ಬಗ್ಗಿಸುವ ಯಂತ್ರವನ್ನು ಕೊಳ್ಳಲೆಂದು ನೋಡಲು ನಾಳೆ ಸಂಜೆ ಒಬ್ಬರು ಬರುತ್ತಾರಂತೆ. ಬನ್ನಿ ಎನ್ನಲೋ ಬೇಡ ಎನ್ನಲೋ ತಿಳಿಯುತ್ತಿಲ್ಲ ಎಂದ. ಆ ಯಂತ್ರ ಹೋದರೆ ವರ್ಕ್‌ಶಾಪಿನಲ್ಲಿ ಉಳಿಯುವುದು ಗೋಡೆ ಮಾತ್ರ. ತಾಳ್ಮೆ ತಂದುಕೊಳ್ಳಿ, ನಾಳೆಯ ತನಕ ಏನೂ ಮಾಡಬೇಡಿ ಎಂದಳು.

"ವ್ಯಾಪಾರ ಹೋದ್ರೆ ಇನ್ನೊಂದು ಮಾಡ್ತೀನಿ ಮೇಡಂ. ಸುಳ್ಳುಗಾರ ಅಂತ ಮುದ್ರೆ ಬಿದ್ರೆ ಯಾರ ಜೊತೆ ಮಾಡಲಿ?"

ಅವನನ್ನು ದೂರು ಕೊಡಲು ಒಪ್ಪಿಸಿದವಳು ಅವಳೇ. ಹೆದರಬೇಡಿ, ನಾನಿದ್ದೀನಿ ಎಂದವಳೂ ಅವಳೇ.

ಈ ಆಯೋಗಕ್ಕೆ ಬರುವ ಮೊದಲು ಜಿಗಣೆ ತೂಕ ಅಳತೆಯ ಇನ್‌ಸ್ಪೆಕ್ಟರ್ ಆಗಿದ್ದವಳು. ಮೋಸದ ತಕ್ಕಡಿ ಹಿಡಿಯಲು ಅವಳದೊಂದು ಪದ್ಧತಿ ಇತ್ತು. ಸರ್ಕಾರಿ ಮುಖ ಕಂಡರೆ ಅಂಗಡಿಯವನು ತಕ್ಕಡಿ ಬದಲಿಸುತ್ತಾನೆ. ಹಾಗಾಗಿ ಅತ್ತೆಯನ್ನೋ ಚಿಕ್ಕಮ್ಮನನ್ನೋ ಗಿರಾಕಿ ಮಾಡಿ ಕಳಿಸುತ್ತಿದ್ದಳು. ಚಿಕ್ಕಮ್ಮ ಚೌಕಾಸಿಗೆ ಇಳಿದಳೆಂದರೆ ತಕ್ಕಡಿಯವನು ತಾನು ಮಾಡಿದ ಮೋಸವನ್ನೇ ಮರೆಯುತ್ತಿದ್ದ. ಎಷ್ಟೋ ತಕ್ಕಡಿಗಳು ಹಾಗೇ ಸಿಕ್ಕಿಬಿದ್ದಿದ್ದವು.

ಪರೀಕ್ಷೆಯ ಫೋನು ಕೊಳ್ಳಬೇಕಾದಾಗಲೂ ಕೈ ಆ ಹಳೆಯ ದಾರಿಗೇ ಹೋಯಿತು. ನಿಯಮದ ಪ್ರಕಾರ ಬೇನಾಮಿ ಸಂಪರ್ಕಕ್ಕೆ ಮೇಲಿನವರ ಮಂಜೂರಾತಿ ಬೇಕು, ಅದು ಬರುವಷ್ಟರಲ್ಲಿ ಏಣಿಯವನ ಯಂತ್ರಕ್ಕೆ ತುಕ್ಕು ಹಿಡಿದಿರುತ್ತದೆ. ಅವಳ ತಮ್ಮನದೇ ಮೊಬೈಲ್ ಅಂಗಡಿ ಇತ್ತು. ಒಂದು ಸಿಮ್ ತಮ್ಮನ ಹೆಸರಿಗೆ, ಒಂದು ಅವನ ಹೆಂಡತಿಯ ಹೆಸರಿಗೆ, ಇನ್ನೊಂದು ಅಮ್ಮನ ಹೆಸರಿಗೆ. ಸರ್ಕಾರದ ವಾಸನೆಯೇ ಇಲ್ಲದ ಮೂವರು ಗಿರಾಕಿಗಳು. ಬಹಳ ಜಾಣತನ ಮಾಡಿದೆ ಎಂದುಕೊಂಡಿದ್ದಳು.

ತಕ್ಕಡಿಯವನು ಚಿಕ್ಕಮ್ಮನ ಮುಖ ಮರೆಯುತ್ತಾನೆ. ಆ್ಯಪ್ ಏನನ್ನೂ ಮರೆಯುವುದಿಲ್ಲ ಎಂಬುದು ಆಗ ಹೊಳೆದಿರಲಿಲ್ಲ.

ಮೂರನೆಯ ನಂಬರು ಅಮ್ಮನದು.

ತಮ್ಮನ ಅಂಗಡಿ ಇದ್ದ ರಸ್ತೆಯಲ್ಲಿ ಅರ್ಧಕ್ಕರ್ಧ ಷಟರುಗಳು ಇಳಿದಿದ್ದವು. ಪಾತ್ರೆಯ ಅಂಗಡಿ ಮುಚ್ಚಿತ್ತು, ಚಪ್ಪಲಿಯ ಅಂಗಡಿಯೂ. ಕೀಲಿಕೈ ಮಾಡುವವನೊಬ್ಬ ಉಳಿದಿದ್ದ, ಕೀಲಿಯನ್ನು ಆ್ಯಪಿನಲ್ಲಿ ಕಳಿಸುವುದು ಇನ್ನೂ ಯಾರಿಗೂ ಗೊತ್ತಾಗಿರಲಿಲ್ಲವಾದ್ದರಿಂದ.

ತಮ್ಮನ ಅಂಗಡಿ ಮಾತ್ರ ಹೊಸದಾಗಿ ಬಣ್ಣ ಹೊಡೆಸಿಕೊಂಡಿತ್ತು. ಹಳೆಯ ಫೋನುಗಳ ಗಾಜಿನ ಕಪಾಟು ಇದ್ದ ಕಡೆ ಈಗ ಕಬ್ಬಿಣದ ಗೂಡುಗಳು. ಗೂಡು ತುಂಬ ಕಂದು ರಟ್ಟಿನ ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯ ಮೇಲೂ ಕಂಪನಿಯ ಮುದ್ರೆಯ ಟೇಪು. ಗಿರಾಕಿಗಳು ಬಂದು ಪಾರ್ಸಲ್ ಒಯ್ಯುವ ಕೌಂಟರು.

ಅವಳು ಹೊಸ್ತಿಲಲ್ಲೇ ಒಂದು ಕ್ಷಣ ನಿಂತಳು. ಕೇಳಬೇಕಾಗಿದ್ದ ಮೊದಲ ಪ್ರಶ್ನೆಗೆ ಗೂಡುಗಳು ಆಗಲೇ ಉತ್ತರ ಹೇಳಿಬಿಟ್ಟಿದ್ದವು.

ತಮ್ಮ ದೀಪದ ಕೆಳಗೆ ಬಗ್ಗಿ ಯಾರದೋ ಫೋನಿನ ಹೊಟ್ಟೆ ಬಿಚ್ಚುತ್ತಿದ್ದ. ಅಕ್ಕನನ್ನು ನೋಡಿ ನಗಲು ಹೋದವನು ಅರ್ಧಕ್ಕೇ ನಿಲ್ಲಿಸಿದ. ಬಾ, ಕೂತ್ಕೋ, ಅಮ್ಮ ಒಳಗಿದ್ದಾರೆ, ಏನಾದ್ರೂ ಕುಡೀತೀಯಾ ಎಂದು ಒಂದೇ ಉಸಿರಿಗೆ ಹೇಳಿದ. ಅವನು ಸಾಮಾನ್ಯವಾಗಿ ಅಷ್ಟು ಉಪಚಾರ ಮಾಡುವವನಲ್ಲ. ಏನು, ದಾರಿ ತಪ್ಪಿ ಬಂದ್ಯಾ ಎಂದು ಕಾಲೆಳೆಯುವುದೇ ಅವನ ಸ್ವಾಗತ.

ಅವಳು ಕೂರಲಿಲ್ಲ. ಫೋನುಗಳನ್ನು ತೆಗೆದು ಕೌಂಟರಿನ ಮೇಲೆ ಇಟ್ಟಳು. ಕೊಟ್ಟೆಯಾ ಎಂದು ಕೇಳಲಿಲ್ಲ, ಯಾರಿಗೆ ಎಂದೂ ಕೇಳಲಿಲ್ಲ.

"ಪುಟ್ಟಾ, ಅಮ್ಮಂದು ಯಾಕೆ ಬಿಟ್ಟೆ?"

ಅವನ ಕೈಯಲ್ಲಿದ್ದ ಚಿಮಟದಿಂದ ಸಾಸಿವೆಯಷ್ಟು ಸಣ್ಣ ತಿರುಪೊಂದು ಜಾರಿ ನೆಲಕ್ಕೆ ಬಿತ್ತು. ಅದನ್ನು ಹುಡುಕುವ ನೆಪದಲ್ಲಿ ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ.

"ಕೈ ಬರ್ಲಿಲ್ಲ ಅಕ್ಕಾ," ಎಂದ ಕೊನೆಗೆ, ಕೌಂಟರಿನ ಕೆಳಗಿನಿಂದಲೇ.

ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವಳ ಹಳೆಯ ಶಾಲಾಚೀಲವನ್ನೇ ಹಾಕಿಕೊಂಡು ಶಾಲೆಗೆ ಹೋದವನು ಅವನು. ಪರೀಕ್ಷೆಯಲ್ಲಿ ಫೇಲಾದಾಗ ಅಪ್ಪನಿಗೆ ಹೇಳುವ ಧೈರ್ಯವಿಲ್ಲದೆ ಅಕ್ಕನ ಆಫೀಸಿಗೆ ಬಂದು ಮೂಲೆಯಲ್ಲಿ ಕೂತಿದ್ದವನು. ಕಂಪನಿ ಮೋಸ ಮಾಡುತ್ತದೆ ಎಂಬುದು ಅವಳಿಗೆ ಗೊತ್ತಿದ್ದದ್ದೇ, ಮೋಸ ಹಿಡಿಯುವುದೇ ಅವಳ ಅನ್ನ. ಈ ಕಡೆಯಿಂದಲೂ ಏಟು ಬರುತ್ತದೆಂದು ಮೈ ಬಿಗಿ ಮಾಡಿಕೊಂಡೇ ಇರಲಿಲ್ಲ.

ಅವನು ಎದ್ದು, ತಡವರಿಸುತ್ತ, ಹೇಳಬೇಕಾದ್ದನ್ನೆಲ್ಲ ಹೇಳಿದ. ಅಂಗಡಿಗೆ ಕಂಪನಿಯವರೊಬ್ಬರು ಬಂದಿದ್ದರಂತೆ. ಒಳ್ಳೆಯ ಮಾತಿನ ಮನುಷ್ಯ. ಈ ಬೀದಿಯಲ್ಲಿ ಒಂದು ಪಾರ್ಸಲ್ ಕೌಂಟರ್ ಬೇಕಾಗಿದೆ, ನಿಮ್ಮಂಥವರು ಸಿಕ್ಕರೆ ಚೆನ್ನ ಎಂದರಂತೆ. ಎರಡನೆಯ ಸಲ ಬಂದಾಗ, ನಿಮ್ಮ ಅಕ್ಕ ಆಯೋಗದಲ್ಲಿದ್ದಾರಲ್ಲವೇ ಎಂದು ಕೇಳಿದರಂತೆ. ಮೂರನೆಯ ಸಲ, ಆಯೋಗದವರು ಫೋನು ಎಲ್ಲಿ ಕೊಂಡಿರಬಹುದು ಎಂದು ಸುಮ್ಮನೆ ತಮಾಷೆಗೆ ಕೇಳಿದ ಹಾಗೆ.

"ಬರೀ ನಂಬರ್ ತಾನೇ ಅಂದ್ಕೊಂಡೆ," ಎಂದ.

"ಏಣಿ ಮಾಡೋನ ವರ್ಕ್‌ಶಾಪ್ ಕಣೋ ಅದು. ಅವನು ನಂಬಿದ್ದು ಆ ನಂಬರನ್ನಲ್ಲ, ನನ್ನನ್ನ."

"ನಾನೂ ನಿನ್ನನ್ನೇ ನಂಬಿದ್ದೆ," ಎಂದ ತಮ್ಮ. ಈಗ ಅವನ ದನಿ ಏರಿತ್ತು. "ಪಕ್ಕದ ಪಾತ್ರೆಯವನು ಮುಚ್ಚಿದ. ಚಪ್ಪಲಿಯವನು ಮುಚ್ಚಿದ. ಅಕ್ಕ ಕೇಸು ನಡೆಸ್ತಾಳೆ, ಎಲ್ಲಾ ಸರಿ ಹೋಗತ್ತೆ ಅಂತ ನಾನು ಎಲ್ಲರಿಗೂ ಹೇಳ್ಕೊಂಡು ಓಡಾಡಿದೆ. ನಿನ್ನ ತೀರ್ಪು ಬರೋಷ್ಟರಲ್ಲಿ ಈ ಬೀದಿಯಲ್ಲಿ ಷಟರ್ ಎತ್ತೋರು ಯಾರಿರ್ತಾರೆ ಹೇಳು?"

ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂಬುದೇ ಹೆಚ್ಚು ಉರಿಯಿತು. ಇಂಥ ಅಂಗಡಿಗಳು ಉಳಿಯಲಿ ಎಂದೇ ಅವಳು ಈ ಕಂಪನಿಗೆ ಅಂಟಿಕೊಂಡದ್ದು. ಕಂಪನಿ ಈ ಜಿಗಣೆಯನ್ನು ಬಿಡಿಸಲು ಉಪ್ಪು ಹುಡುಕಿಕೊಂಡು ಅವಳ ಮನೆಗೇ ಬಂದಿತ್ತು. ಉಪ್ಪು ಕೊಟ್ಟವನು ಒಡಹುಟ್ಟಿದವನು.

ಯಾರೋ ಗಿರಾಕಿ ಬಂದು ಪಾರ್ಸಲ್ ಕೇಳಿದ. ತಮ್ಮ ಗೂಡಿನಿಂದ ಪೆಟ್ಟಿಗೆ ತೆಗೆದುಕೊಟ್ಟು, ಸಹಿ ಹಾಕಿಸಿಕೊಂಡು, ಮುಗುಳ್ನಕ್ಕು ಕಳಿಸಿದ. ಅಷ್ಟರಲ್ಲಿ ಜಿಗಣೆ ಒಂದು ನಿರ್ಧಾರಕ್ಕೆ ಬಂದಿದ್ದಳು.

ನಾಳೆ ವಿಚಾರಣೆ ಶುರುವಾಗುತ್ತಲೇ ತಾನೇ ಎದ್ದು ನಿಲ್ಲುವುದು. ನಿಯಮ ಮುರಿದು ಮನೆಯವರ ಹೆಸರಿನಲ್ಲಿ ಫೋನು ಕೊಂಡೆ, ಎರಡು ನಂಬರು ಕಂಪನಿಗೆ ಸೋರಿದವು, ಮೂರನೆಯದು ಸೋರಲಿಲ್ಲ, ಅದು ತೋರಿಸುತ್ತಿರುವುದೇ ನಿಜ ಎಂದು ಒಪ್ಪಿಸುವುದು. ಕೆಲಸ ಹೋಗುತ್ತದೆ. ಹೋಗಲಿ. ತಪ್ಪು ಮಾಡಿದವಳು ತಾನು, ಏಣಿಯವನಲ್ಲ. ಅಮ್ಮನ ಹೆಸರಿನ ಆ ಒಂದು ಫೋನು ಅವನ ಮರ್ಯಾದೆ ಉಳಿಸಿದರೆ ಸಾಕು.

ಇದನ್ನೆಲ್ಲ ಅವಳು ತಮ್ಮನಿಗೆ ಸಮಾಧಾನದಿಂದಲೇ ಹೇಳಿದಳು. ಕೋಪ ಮಾಡಿಕೊಳ್ಳಲು ಮುಂದೆ ಬೇಕಾದಷ್ಟು ಸಮಯವಿತ್ತು, ಈಗ ಬೇಕಾದದ್ದು ಸಾಕ್ಷಿ.

"ನಾಳೆ ಬಂದು ಎರಡೇ ಮಾತು ಹೇಳು ಪುಟ್ಟಾ. ನಂಬರ್ ಕೊಟ್ಟೆ, ಕೌಂಟರ್ ತಗೊಂಡೆ. ನಿನಗೆ ತೊಂದರೆ ಆಗದ ಹಾಗೆ ಉಳಿದದ್ದು ನಾನು ನೋಡ್ಕೋತೀನಿ. ಬರ್ತೀಯಾ?"

ಅವನು ತಲೆ ತಗ್ಗಿಸಿ ಚಿಮಟವನ್ನು ಬಟ್ಟೆಯಿಂದ ಒರೆಸುತ್ತಿದ್ದ. ಒರೆಸಲು ಅದರಲ್ಲಿ ಏನೂ ಇರಲಿಲ್ಲ.

"ಬರ್ತೀನಿ," ಎಂದ.

ಅವಳು ಫೋನುಗಳನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡಳು. ಎಷ್ಟಾದರೂ ಕೈ ಹಿಡಿದು ಬೆಳೆಸಿದವನು.

"ಆದ್ರೆ ನಿನ್ನ ಕಡೆಯಿಂದಲ್ಲ ಅಕ್ಕಾ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವನು ಉಳಿದದ್ದನ್ನು ಚಿಮಟಕ್ಕೇ ಹೇಳುತ್ತಿರುವಂತೆ ಹೇಳಿದ. ಮಾತಿನ ಭರದಲ್ಲಿ ಫೋನು ಮೂರು ಎಂದು ಬಾಯಿ ತಪ್ಪಿ ಬಂದುಬಿಟ್ಟಿತ್ತಂತೆ. ಮೂರನೆಯ ನಂಬರು ಕೊಡು ಎಂದು ಅವರು ಪಟ್ಟು ಹಿಡಿದರಂತೆ. ಇವನು ಕೊಡಲಿಲ್ಲ. ಹಾಗಾದರೆ ಚಿಂತೆಯಿಲ್ಲ, ಅದಕ್ಕೆ ಬೇರೆ ದಾರಿಯಿದೆ ಎಂದರಂತೆ ಕಂಪನಿಯ ವಕೀಲರು. ಇವತ್ತು ಬೆಳಗ್ಗೆ ಅವರ ಕಚೇರಿಯಲ್ಲಿ ಕ್ಯಾಮೆರಾ ಮುಂದೆ ಕೂರಿಸಿದ್ದರು.

"ಏನು ಹೇಳಿದೆ?"

"ಮೂರನೇ ಫೋನು... ಏಣಿ ಕೆಳಗೆ ಕಾಣೋ ಹಾಗೆ ಮಾಡಿಕೊಡು ಅಂತ ನೀನು ತಂದೆ ಅಂತ. ನಾನು ಮಾಡಿಕೊಟ್ಟೆ ಅಂತ."

"ನಾನು ಹಾಗೆ ಹೇಳಿದ್ನಾ?"

"ಅವರು ಹೇಳಿಸಿದ್ರು."

"ಅವರು ಹೇಳಿಸಿದ್ದು ಗೊತ್ತಾಯ್ತು. ಹೇಳಿದೋರು ಯಾರು?"

"ನಾನು," ಎಂದ ಅವನು.

ನಿಜ ಹೇಳುತ್ತಿದ್ದದ್ದು ಒಂದೇ ಫೋನು. ಈಗ ಅದೇ ಕಳ್ಳ ಫೋನು. ನಾಳೆ ಅವಳು ಎದ್ದು ಏನು ಒಪ್ಪಿಕೊಂಡರೂ, ಸಿಕ್ಕಿಬಿದ್ದವಳು ಕೊನೆಗೆ ಕಟ್ಟಿದ ಕತೆ ಎನ್ನುತ್ತಾರೆ. ಕಾರಿಡಾರಿನಲ್ಲಿ ನೋಡಿದ ಮೂರು ಫೋನುಗಳ ಮಾತನ್ನೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ತೋರಿಸಿದವಳೇ ಮೋಸಗಾತಿಯಾದ ಮೇಲೆ. ಬೇರೆ ಫೋನು ನೋಡೋಣ ಎಂದರೆ, ನಾಳೆಯೊಳಗೆ ಕಂಪನಿ ಊರಿಗೆಲ್ಲ ಒಪ್ಪವಾದ ಅಂಗಡಿಯನ್ನೇ ತೋರಿಸಿರುತ್ತದೆ. ಏಣಿಯವನು ಒಬ್ಬನೇ ಸುಳ್ಳುಗಾರನಾಗುವುದಿಲ್ಲ, ಅವನ ಜೊತೆ ಅವಳೂ ಆಗುತ್ತಾಳೆ.

ತಮ್ಮನನ್ನು ಏನೆಂದು ಬಯ್ಯಬೇಕೋ ತೋಚಲಿಲ್ಲ. ಆದರೂ ಅವಳೊಳಗಿನ ಹಳೆಯ ಇನ್‌ಸ್ಪೆಕ್ಟರು ಲೆಕ್ಕ ಹಾಕುತ್ತಲೇ ಇದ್ದಳು. ಕಂಪನಿಗೆ ಬರೀ ಇವನ ಮಾತು ಸಾಲದು. ಅಕ್ಕ ತಮ್ಮನ ಜಗಳ, ಸೇಡಿಗೆ ಹೇಳುತ್ತಿದ್ದಾನೆ ಎಂದರೆ ಆಯೋಗ ನಂಬಲೂಬಹುದು. ಇವನಿಗೆ ಬೆಂಬಲವಾಗಿ ಇನ್ನೊಬ್ಬ ಸಾಕ್ಷಿ ಬೇಕು, ಆಯೋಗ ಕಣ್ಣು ಮುಚ್ಚಿ ನಂಬುವಂಥ ಸಾಕ್ಷಿ. ಅಂಥವರು ಕಂಪನಿಗೆ ಎಲ್ಲಿ ಸಿಗುತ್ತಾರೆ?

ಒಳಮನೆಯ ಬಾಗಿಲು ಕಿರುಗುಟ್ಟಿತು. ಅಮ್ಮ ಇಸ್ತ್ರಿ ಮಾಡಿದ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ಹೊರಗೆ ಬಂದರು. ಮಗಳನ್ನು ಕಂಡು ಅವರ ಮುಖ ಅರಳಿತು.

"ಬಂದ್ಯಾ, ಒಳ್ಳೇದಾಯ್ತು ಕಣೇ. ನಾನೇ ಫೋನ್ ಮಾಡಿಸೋಣ ಅಂತಿದ್ದೆ. ನಾಳೆ ನಿನ್ನ ಆಫೀಸಲ್ಲಿ ನಾನು ಮಾತಾಡಬೇಕಂತೆ, ಅದರಿಂದ ನಿನಗೆ ಒಳ್ಳೇದಾಗತ್ತಂತೆ. ಆ ವಕೀಲರು ಎಷ್ಟು ಮರ್ಯಾದೆಯಿಂದ ಹೇಳಿದ್ರು ಗೊತ್ತಾ?"

ಜಿಗಣೆ ತಮ್ಮನ ಕಡೆ ನೋಡಿದಳು. ಅವನು ಗೋಡೆ ನೋಡುತ್ತಿದ್ದ.

"ನೀವು ಏನು ಮಾತಾಡಬೇಕಂತಮ್ಮ?"

"ಏನಿಲ್ಲ ಬಿಡು, ಇದ್ದದ್ದು ಇದ್ದ ಹಾಗೆ. ಪಿಂಚಣಿ ಕೆಲಸಕ್ಕೆ ಅಂತ ಹೇಳಿ ಅಂಗಡಿಯ ಆ ಬೆರಳಚ್ಚಿನ ಯಂತ್ರದ ಮೇಲೆ ನನ್ನ ಹೆಬ್ಬೆರಳು ಒತ್ತಿಸಿಕೊಂಡ್ಯಲ್ಲ, ಅದು ಫೋನಿಗೆ ಅಂತ ಆಮೇಲೆ ಗೊತ್ತಾಯ್ತಲ್ಲ, ಅಷ್ಟೇ ಹೇಳಿದ್ರೆ ಸಾಕಂತೆ." ಅಮ್ಮ ಬಟ್ಟೆಯ ಮಡಿಕೆಯನ್ನು ಅಂಗೈಯಿಂದ ಸವರಿ ಸರಿಮಾಡಿದರು. "ಬೆಳಗ್ಗೆ ಕಾರು ಕಳಿಸ್ತಾರಂತೆ. ಹೇಗೂ ಒಂದೇ ಕಡೆಗೆ ಹೋಗೋದು, ನೀನೂ ನಮ್ಮ ಜೊತೆನೇ ಬಂದುಬಿಡು."